ಡಾರ್ಟ್‌ಫರ್ಡ್ ಸೇತುವೆ: ಬೆಳಿಗ್ಗೆ ಖುಷಿ, ಸಂಜೆ ಸಿಟ್ಟು

ನನ್ನ ಮನೆ ರೊಮ್‌ಫರ್ಡ್‌ನಲ್ಲಿ, ಕೆಲಸ ಥೇಮ್ಸ್ ನದಿಯ ಆಚೆ ಕೆಂಟ್‌ನಲ್ಲಿ. ಹಾಗಾಗಿ ಲಂಡನ್ನಿನ ಪೂರ್ವದಲ್ಲಿರುವ ಡಾರ್ಟ್‌ಫರ್ಡ್ ಸೇತುವೆ ನನಗೆ ನಿತ್ಯದ ದಾರಿ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಇಲ್ಲಿ ಶುಲ್ಕವಿಲ್ಲ. ಅದಕ್ಕೇ ಐದೂ ಕಾಲಿಗೆಲ್ಲ ಮನೆ ಬಿಡುತ್ತೇನೆ. ಪಕ್ಕದಲ್ಲಿ ಫ್ಲಾಸ್ಕ್‌ನಲ್ಲಿ ಕಾಫಿ ಇರುತ್ತದೆ, ಆದರೆ ಆಚೆ ದಡ ಸೇರುವವರೆಗೆ ಅದನ್ನು ಮುಟ್ಟುವುದಿಲ್ಲ. ಲಾರಿಗಳು ಎಡಗಡೆ ಏದುಸಿರು ಬಿಡುತ್ತಾ ಏರು ಹತ್ತುತ್ತಿರುತ್ತವೆ, ನಾನು ಬಲಗಡೆಯಿಂದ ಸುಮ್ನೆ ಮುಂದೆ ಸಾಗುತ್ತೇನೆ. ಮೇಲೆ ಹೋದಂತೆ ಎರಡೂ ಬದಿ ಕೇಬಲ್‌ಗಳು, ಬೇಸಿಗೆಯಲ್ಲಿ ಎಡಕ್ಕೆ ಸಮುದ್ರದ ಕಡೆಯಿಂದ ಸೂರ್ಯ, ಆಕಾಶ ತಿಳಿಯಾಗಿದ್ದರೆ ಬಲಕ್ಕೆ ದೂರದಲ್ಲಿ ಕ್ಯಾನರಿ ವಾರ್ಫ್‌ನ ಕಟ್ಟಡಗಳು. ಇಷ್ಟು ಚೆಂದದ ದಾರಿಗೆ ದುಡ್ಡು ಕೊಡಬೇಕಾದರೂ ಸಂತೋಷವಾಗಿ ಕೊಡುತ್ತಿದ್ದೆ.

ಆದರೆ ಸೇತುವೆ ಇರುವುದು ದಕ್ಷಿಣಕ್ಕೆ ಹೋಗುವವರಿಗೆ ಮಾತ್ರ. ವಾಪಸ್ ಬರುವಾಗ 1963 ಮತ್ತು 1980ರ ಹಳೇ ಸುರಂಗಗಳೇ ಗತಿ. ಪೆಟ್ರೋಲ್ ಟ್ಯಾಂಕರ್‌ನಂಥ ಅಪಾಯಕಾರಿ ಸರಕಿನ ವಾಹನ ಬಂದರೆ ಉಳಿದವರಿಗೆ ಕೆಂಪು ದೀಪ ಹಾಕಿ, ಅವನ್ನು ಬೆಂಗಾವಲಿನಲ್ಲಿ ದಾಟಿಸುತ್ತಾರೆ. ಸುರಕ್ಷತೆಗೆ ಅದು ಬೇಕೇ ಬೇಕು, ಒಪ್ಪುತ್ತೇನೆ. ಆದರೆ ದಿನಕ್ಕೆ 1,35,000 ವಾಹನಗಳಿಗೆಂದು ಮಾಡಿದ ದಾಟುದಾರಿಯಲ್ಲಿ ಎಷ್ಟೋ ದಿನ ಒಂದೂವರೆ ಲಕ್ಷಕ್ಕೂ ಜಾಸ್ತಿ ಓಡುತ್ತಿರುವಾಗ, ಒಂದು ಸಲ ನಿಂತ ಸಾಲು ಮತ್ತೆ ಸರಿಹೋಗುವುದೇ ಇಲ್ಲ. ಜೋರು ಗಾಳಿ ಬೀಸಿ ಸೇತುವೆ ಮುಚ್ಚಿದರೆ ಒಂದು ಸುರಂಗವನ್ನು ದಕ್ಷಿಣದವರಿಗೆ ಬಿಟ್ಟುಕೊಡುತ್ತಾರೆ. ಅವತ್ತಂತೂ ಮನೆ ಸೇರುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ.

ಇದಕ್ಕೆ ಕಾರಿಗೆ 3.50 ಪೌಂಡ್! 2025ರ ಸೆಪ್ಟೆಂಬರ್‌ಗೆ ಮುಂಚೆ 2.50 ಇತ್ತು. 1991ರಲ್ಲಿ ತೆರೆದ ಸೇತುವೆಯ ಸಾಲ ತೀರಿದ್ದು 2003ರಲ್ಲೇ. ಆಮೇಲೆ ವಾಹನ ದಟ್ಟಣೆ ತಡೆಯಲು ಅಂತ ಶುಲ್ಕವನ್ನು ಮುಂದುವರಿಸಿದರು. ದಟ್ಟಣೆ ಎಲ್ಲಿ ಕಡಿಮೆಯಾಗಿದೆ? ಬೇರೆ ದಾರಿಯಾದರೂ ಇದೆಯಾ ಅಂದರೆ, ಲಂಡನ್ ಒಳಗೆ ಥೇಮ್ಸ್ ದಾಟಿಸುವ ಬ್ಲ್ಯಾಕ್‌ವಾಲ್ ಸುರಂಗಕ್ಕೂ 2025ರ ಏಪ್ರಿಲ್‌ನಿಂದ ಶುಲ್ಕ ಬಂತು.

ಊರಿಂದ ಬರುವವರು, ಬಾಡಿಗೆ ಕಾರಿನವರು ಇದನ್ನು ಗಮನಿಸಿ. 2014ರಿಂದ ಇಲ್ಲಿ ಟೋಲ್ ಬೂತ್ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಮರುದಿನ ಮಧ್ಯರಾತ್ರಿಯೊಳಗೆ ಆನ್‌ಲೈನ್‌ನಲ್ಲಿ ಕಟ್ಟಬೇಕು, ಇಲ್ಲದಿದ್ದರೆ 70 ಪೌಂಡ್ ದಂಡ. ಹದಿನಾಲ್ಕು ದಿನದೊಳಗೆ ಕಟ್ಟಿದರೆ ಅದರಲ್ಲಿ ಅರ್ಧ. ನನ್ನ ಸ್ನೇಹಿತರೊಬ್ಬರು ಗೂಗಲ್‌ನಲ್ಲಿ ಮೊದಲು ಸಿಕ್ಕ ಯಾವುದೋ ಖಾಸಗಿ ಜಾಲತಾಣದಲ್ಲಿ ಕಟ್ಟಿ, ಸೇವಾಶುಲ್ಕ ಅಂತ ಸುಮ್ನೆ ಜಾಸ್ತಿ ದುಡ್ಡು ಕಳೆದುಕೊಂಡರು. ಸರ್ಕಾರದ ಪುಟದಲ್ಲೇ ಖಾತೆ ತೆರೆಯಿರಿ, 2.80 ಪೌಂಡ್‌ಗೆ ಆಗುತ್ತದೆ.

ಬೆಳಗಿನ ಸೇತುವೆಗೆ ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ. ಸಂಜೆಯ ಸುರಂಗಕ್ಕೆ ಒಂದೇ. ಉತ್ತರಕ್ಕೆ ಹೋಗುವ ಸಾಲು ಇಷ್ಟು ಉದ್ದ ಇರುವವರೆಗೂ ಆ ಕಡೆಯ ಶುಲ್ಕವನ್ನಾದರೂ ಇಳಿಸಬೇಕು.