1,150 ರೂಪಾಯಿಯ ಪುಸ್ತಕ ಬೈಂಡಿಂಗ್ ಕಿಟ್ಟು ಕೊಡಗಿನ ಮಳೇಲಿ ಏನಾಯ್ತು

ಜೂನ್ ಕೊನೇ ವಾರ ಆರ್ಡರ್ ಹಾಕಿದ್ದು. ಕೊರಿಯರ್‌ನವನು ನಮ್ಮನೆ ತನಕ ಯಾವತ್ತೂ ಬರಲ್ಲ, ಮೂರ್ನಾಡು ಪೇಟೇಲಿ ಗುರುತಿನ ಅಂಗಡೀಲಿ ಇಟ್ಟು ಫೋನ್ ಮಾಡ್ತಾನೆ, ಹೋಗಿ ತಂದ್ಕೊಂಡೆ. ಡಬ್ಬದ ಒಂದು ಮೂಲೆ ಒದ್ದೆ ಆಗಿತ್ತು. ಅದಕ್ಕೆ ಕಂಪನಿಯವರನ್ನ ದೂರಲ್ಲ, ಆ ವಾರ ನಮ್ಮನೇಲಿ ಒಣಗಿದ ಜಾಗ ಅಂತ ಇದ್ದಿದ್ದು ಒಲೆ ಮೇಲಿನ ಅಟ್ಟ ಒಂದೇ.

ಕಂಪನಿ ಹೆಸರು ಬರೆಯೋಕೆ ಹೋಗಲ್ಲ. ಇದೇ ಥರದ ಕಿಟ್ಟು ಹತ್ತಾರು ಹೆಸರಲ್ಲಿ ಸಿಗುತ್ತೆ, ಒಳಗಿರೋದು ಹೆಚ್ಚುಕಮ್ಮಿ ಅದೇ ಸಾಮಾನು, ಹಾಗಾಗಿ ತಗೊಳ್ಳೋರಿಗೆ ಸಾಮಾನಿನ ಬಗ್ಗೆ ಗೊತ್ತಾದ್ರೆ ಸಾಕು.

ಮೊದಲು ನಾನ್ಯಾಕೆ ತಗೊಂಡೆ ಅಂತ ಹೇಳಿಬಿಡ್ತೀನಿ. ಇಲ್ಲಿ ತೋಟ ಇರೋ ಎಷ್ಟೋ ಮನೇಲಿ ಮಳೆ ಲೆಕ್ಕ ಬರೆಯೋ ಅಭ್ಯಾಸ ಉಂಟಲ್ಲ, ನಮ್ಮ ಮಾವನೂ ಬರೀತಾರೆ. ಬೆಳಿಗ್ಗೆ ಎದ್ದು ಕಾಫಿಗೂ ಮುಂಚೆ ಅಂಗಳದ ರೈನ್ ಗೇಜ್ ನೋಡಿ 1.35 ಅಂತ ಬರೆದಿಡೋದು, ಅಂದ್ರೆ ಒಂದು ಇಂಚು ಮೂವತ್ತೈದು ಸೆಂಟು (ಇಂಚಿನ ನೂರನೇ ಒಂದು ಭಾಗಕ್ಕೆ ಸೆಂಟು ಅಂತಾರೆ). ಟೀವಿಯವರು ಮಿಲಿಮೀಟರ್‌ನಲ್ಲಿ ಹೇಳಿದ್ರೆ ಅವರಿಗೆ ಅದು ಮಳೆ ಅಂತಾನೇ ಅನ್ಸಲ್ಲ, 25.4 ರಿಂದ ಭಾಗಿಸಿ ಇಂಚಿಗೆ ತಂದ ಮೇಲೇನೇ ಸಮಾಧಾನ. ಕಾಫಿ ಹೂ ಅರಳಿಸೋ ಹೂಮಳೆ ಯಾವತ್ತು ಬಿತ್ತು, ಅದಾದ ಮೇಲೆ ಆ ಹೂವು ಕಾಯಿ ಕಟ್ಟೋಕೆ ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು, ಎಲ್ಲ ಅದರಲ್ಲೇ. ಹಳೇ ಪುಸ್ತಕಗಳು ಹೊಲಿದ ರಟ್ಟಿನ ಪುಸ್ತಕ, ಇವತ್ತಿಗೂ ಗಟ್ಟಿ. ಈಚೆಗೆ ತಂದುಕೊಟ್ಟ ಡೈರಿಗಳದ್ದೇ ಗೋಳು, ಬರೀ ಗಮ್ಮಲ್ಲಿ ಅಂಟಿಸಿರೋದು, ಎರಡನೇ ಮಳೆಗಾಲಕ್ಕೆ ಬೆನ್ನು ಬಿರಿದು ಹಾಳೆ ಒಂದೊಂದೇ ಉದುರುತ್ತೆ. 2018ರ ಆಗಸ್ಟ್ ಪುಟ ಈಗ ರಬ್ಬರ್ ಬ್ಯಾಂಡಲ್ಲಿ ಉಂಟು. ಆ ವರ್ಷ ಕೊಡಗಲ್ಲಿ ಏನಾಯ್ತು ಅಂತ ಹೇಳೋದು ಬೇಡ, ಆ ಪುಟ ಕಳೆದುಹೋಗಬಾರದು ಅನ್ನೋದೊಂದೇ ನನಗೆ.

ಅದಕ್ಕೇ ನಾನೇ ಹೊಲಿದು ಒಂದು ಪುಸ್ತಕ ಮಾಡಿಕೊಡೋಣ ಅಂತ ಹೊರಟಿದ್ದು.

ಕಿಟ್ಟಲ್ಲಿ ಏನೇನು ಬಂತು ಅಂದ್ರೆ, ಮಡಿಕೆ ತೀಡೋಕೆ ಒಂದು ಫೋಲ್ಡರ್, ತೂತು ಹಾಕೋಕೆ ಮರದ ಹಿಡಿಯ ಚುಚ್ಚುಗ, ಮೊಂಡು ತುದಿಯ ನಾಲ್ಕು ಸೂಜಿ, ಮೇಣದ ದಾರ 30 ಮೀಟರ್, 2 ಮಿಲಿಮೀಟರ್ ದಪ್ಪದ ಎರಡು ರಟ್ಟು, 120 ಜಿಎಸ್‌ಎಂನ 40 ಎ4 ಹಾಳೆ, ಸಣ್ಣ ಬಾಟ್ಲಿ ಗಮ್ಮು, ಬ್ರಷ್ಷು, 15 ಸೆಂಟಿಮೀಟರ್ ಸ್ಟೀಲ್ ಸ್ಕೇಲು. ಜೊತೆಗೆ ಒಂದು ಚೀಟಿ, ಅದರಲ್ಲಿ ನಾಲ್ಕು ಚಿತ್ರ, ಉಳಿದಿದ್ದಕ್ಕೆಲ್ಲ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ವಿಡಿಯೋ ನೋಡಿ ಅಂತ. ಜುಲೈಯಲ್ಲಿ ನಮ್ಮ ಕಡೆ ಕರೆಂಟ್ ಹೋಯ್ತು ಅಂದ್ರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತೆ, ಇನ್ನೆಲ್ಲಿಯ ವಿಡಿಯೋ. ಮೂರನೇ ಫಾರಂ ಹೊಲೀತಾ ಇರೋವಾಗ ವಿಡಿಯೋ ನಿಂತು, ಮುಂದಿನ ಗಂಟು ಹೇಗೆ ಅಂತ ಗೊತ್ತಾಗದೆ ಸೂಜಿ ಹಿಡ್ಕೊಂಡು ಒಂದು ಸಂಜೆ ಪೂರ್ತಿ ಕೂತಿದ್ದೆ. ಆ ಚೀಟೀಲೇ ಇನ್ನು ನಾಲ್ಕು ಚಿತ್ರ ಹಾಕಿದ್ರೆ ಇವರಿಗೇನು ನಷ್ಟ ಆಗ್ತಿತ್ತು?

ಫಾರಂ ಅಂದ್ರೆ ಗೊತ್ತಲ್ಲ, ನಾಲ್ಕೈದು ಹಾಳೆ ಒಂದರೊಳಗೊಂದು ಸೇರಿಸಿ ಮಡಚಿದ ಕಟ್ಟು. ಎ4 ಹಾಳೆ ನಾಲ್ಕನ್ನ ಮಡಚಿದ್ರೆ ಎ5 ಅಳತೇಲಿ 16 ಪುಟ, 40 ಹಾಳೇಲಿ ಹತ್ತು ಫಾರಂ, 160 ಪುಟದ ಪುಸ್ತಕ. ಚೀಟೀಲಿ ಇದ್ದಿದ್ದು ಕಾಪ್ಟಿಕ್ ಹೊಲಿಗೆ, ಬೆನ್ನಿಗೆ ಬಟ್ಟೆ ಗಿಟ್ಟೆ ಏನೂ ಇಲ್ಲ, ದಾರ ಜಡೆ ಹೆಣೆದ ಥರ ಹೊರಗೇ ಕಾಣುತ್ತೆ, ಪುಸ್ತಕ ಬಿಚ್ಚಿದ್ರೆ ಮೇಜಿನ ಮೇಲೆ ಚಪ್ಪಟೆ ಮಲಗುತ್ತೆ. ಹೊಲಿದು ಮುಗಿಸಿದಾಗ ನನಗೇ ನನ್ನ ಮೇಲೆ ಭಾರೀ ಹೆಮ್ಮೆ. ಹೊಲಿಯೋ ಮುಂಚೆ ರಟ್ಟಿಗೆ ಅಮ್ಮನ ಹಳೇ ಕಾಟನ್ ಸೀರೆ ತುಂಡು ಅಂಟಿಸಿ, ಚೀಟೀಲಿ ಬರೆದ ಹಾಗೆ 30 ನಿಮಿಷ ಬಿಟ್ಟು, ಮುಟ್ಟಿ ನೋಡಿ ಒಣಗಿದೆ ಅಂದ್ಕೊಂಡಿದ್ದೆ. ಮಾರನೇ ದಿನ ಬೆಳಿಗ್ಗೆ ನೋಡಿದ್ರೆ ಎರಡೂ ರಟ್ಟು ಕರಿದ ಹಪ್ಪಳದ ಹಾಗೆ ಬಗ್ಗಿ ಕೂತಿತ್ತು, ಒಳಗಿನ ಹಾಳೆ ಅಂಚಲ್ಲಿ ಅಲೆ ಅಲೆ. ಭಾರ ಇಟ್ಟೆ, ಅಕ್ಕಿ ಡಬ್ಬದ ಅಡಿ ಎರಡು ದಿನ ಇಟ್ಟೆ, ತೆಗೆದ ಅರ್ಧ ಗಂಟೆಗೆ ಮತ್ತೆ ಅದೇ ಕಥೆ.

ಆ ಪುಸ್ತಕ ಚೀಲಕ್ಕೆ ಹಾಕ್ಕೊಂಡು ಶುಕ್ರವಾರ ಸಂತೆಗೆ ಮಡಿಕೇರಿಗೆ ಹೋದಾಗ ಪೇಟೇಲಿ ಒಂದು ಹಳೇ ಬೈಂಡಿಂಗ್ ಅಂಗಡಿಗೆ ಹೋದೆ. ಆಫೀಸಿನ ರಿಜಿಸ್ಟರ್, ತೋಟದ ಆಳುಗಳ ಹಾಜರಿ ಬರೆಯೋ ಚೆಕ್‌ರೋಲ್ ಪುಸ್ತಕ, ಕಾಲೇಜು ಮಕ್ಕಳ ಪ್ರಾಜೆಕ್ಟ್ ಎಲ್ಲ ಬೈಂಡ್ ಮಾಡ್ತಾರೆ, ಅರವತ್ತು ದಾಟಿದವರು. ಅವರು ಹೊಲಿಗೆ ನೋಡಿ ಪರವಾಗಿಲ್ಲ ಅಂದ್ರು, ಆಮೇಲೆ ಕಿಟ್ಟಿನ ಒಂದು ಹಾಳೆ ಮಿಕ್ಕಿದ್ರೆ ಕೊಡಿ ಅಂದ್ರು. ಹೊಲಿಯೋವಾಗ ಒಂದು ಫಾರಂ ಕೆಟ್ಟು ತೆಗೆದಿಟ್ಟಿದ್ದೆ, ಅದರದ್ದೊಂದು ಕೊಟ್ಟೆ. ಏನೂ ಹೇಳದೆ ಮೇಲಿಂದ ಕೆಳಗೆ ಹರಿದ್ರು, ಗೆರೆ ಎಳೆದ ಹಾಗೆ ನೆಟ್ಟಗೆ ಹರೀತು. ಅಡ್ಡ ಹರಿದ್ರು, ಸೊಟ್ಟ ಸೊಟ್ಟ ಹೋಯ್ತು.

"ಕಾಗದಕ್ಕೂ ಬಿದಿರಿನ ಹಾಗೆ ನಾರು ಉಂಟಮ್ಮ. ನಾರು ಪುಸ್ತಕದ ಬೆನ್ನಿನ ಉದ್ದಕ್ಕೆ ನಿಲ್ಲಬೇಕು. ನಿಮ್ಮದರಲ್ಲಿ ಅಡ್ಡ ಮಲಗಿದೆ, ಮಳೆಗಾಲದಲ್ಲಿ ಅದು ಸುಮ್ನೆ ಇರುತ್ತಾ?"

ಇಷ್ಟೇ ವಿಷಯ, ಇದೊಂದು ಸಾಲು ಆ ಚೀಟೀಲಿ ಇಲ್ಲ. ಮಿಲ್ಲಲ್ಲಿ ಕಾಗದ ಮಾಡೋವಾಗ ಮಿಷನ್ ಓಡೋ ದಿಕ್ಕಿಗೇ ನಾರು ಸಾಲಾಗಿ ಕೂರುತ್ತೆ, ತೇವ ತಾಗಿದಾಗ ಕಾಗದ ನಾರಿನ ಉದ್ದಕ್ಕೆ ಅಷ್ಟೇನೂ ಹಿಗ್ಗಲ್ಲ, ಅಡ್ಡಕ್ಕೆ ಹಿಗ್ಗುತ್ತೆ. ನಾರು ಬೆನ್ನಿಗೆ ಅಡ್ಡ ಇದ್ರೆ ಹಾಳೆ ಮೇಲೆ ಕೆಳಗೆ ಹಿಗ್ಗೋಕೆ ನೋಡುತ್ತೆ, ಬೆನ್ನಲ್ಲಿ ಹೊಲಿಗೆ ಬಿಡಲ್ಲ, ಆಗ ಅಲೆ ಏಳುತ್ತೆ. ಅಂಗಡೀಲಿ ಸಿಗೋ ಎ4 ಕಾಗದದಲ್ಲಿ ಸಾಮಾನ್ಯವಾಗಿ ನಾರು ಉದ್ದಕ್ಕಿರುತ್ತೆ, ಅದನ್ನ ಮಧ್ಯಕ್ಕೆ ಮಡಚಿದ್ರೆ ಮಡಿಕೆಗೆ ಅಡ್ಡ ಬರುತ್ತೆ. ಇದಕ್ಕೆ ಸುಲಭದ ಉಪಾಯ ಅಂದ್ರೆ ಉದ್ದ ನಾರಿನ ಎ3 ಹಾಳೆ ತಗೊಂಡು ಅರ್ಧಕ್ಕೆ ಕತ್ತರಿಸೋದು, ಆಗ ಸಿಗೋ ಎ4ರಲ್ಲಿ ನಾರು ಗಿಡ್ಡ ಬದಿಗೆ ಇರುತ್ತೆ, ಮಡಚಿದಾಗ ಬೆನ್ನಿನ ಉದ್ದಕ್ಕೆ ಸರಿಯಾಗಿ ನಿಲ್ಲುತ್ತೆ. ಹರಿದು ನೋಡೋಕೆ ಮನಸ್ಸಿಲ್ಲ ಅಂದ್ರೆ ಒಂದು ಚೂರಿನ ಒಂದು ಬದಿ ಒದ್ದೆ ಮಾಡಿ, ಕಾಗದ ಕೊಳವೆ ಥರ ಸುತ್ತಿಕೊಳ್ಳುತ್ತೆ, ಆ ಕೊಳವೆ ಯಾವ ಕಡೆಗೆ ಉದ್ದ ಇದೆಯೋ ನಾರೂ ಆ ಕಡೆಗೇ.

ರಟ್ಟಿನದ್ದೂ ಅದೇ ಹಾಡು, ಅದಕ್ಕೂ ನಾರಿದೆ. ಜೊತೆಗೆ ನಾನು ಹೊರಗಡೆ ಮಾತ್ರ ಬಟ್ಟೆ ಅಂಟಿಸಿ ಒಳಗೆ ಖಾಲಿ ಬಿಟ್ಟಿದ್ದೆ. ಒದ್ದೆ ಬಟ್ಟೆ ಒಣಗೋವಾಗ ತನ್ನ ಕಡೆಗೆ ಎಳೆಯುತ್ತೆ, ಒಳಗಡೆಯಿಂದ ಎದುರು ಎಳೆಯೋಕೆ ಒಂದು ಕಾಗದ ಇರಲೇಬೇಕು. ಚೀಟಿಯ ಚಿತ್ರದಲ್ಲೂ ಒಳಗೆ ಖಾಲಿನೇ ಇತ್ತು. ಚಿತ್ರ ಬಿಡಿಸಿದವರ ಊರಲ್ಲಿ ಬಹುಶಃ ಬಿಸಿಲು ಇದ್ದಿರಬೇಕು.

ಬೈಂಡಿಂಗಿನವರೇ 20 ಎ3 ಹಾಳೆ ಮಿಷನ್‌ನಲ್ಲಿ ಕತ್ತರಿಸಿ ಕೊಟ್ರು, 32 ಔನ್ಸ್ ಬೋರ್ಡಿನ ಎರಡು ತುಂಡು, ಬೈಂಡಿಗೆ ಹಾಕೋ ಕ್ಯಾಲಿಕೋ ಬಟ್ಟೆ ಅರ್ಧ ಮೀಟರ್ ಎಲ್ಲ ಸೇರಿ 180 ರೂಪಾಯಿ ತಗೊಂಡ್ರು. (ಬೈಂಡಿಂಗ್ ಅಂಗಡೀಲಿ ಬೋರ್ಡು ಮಿಲಿಮೀಟರ್‌ನಲ್ಲಿ ಕೇಳಿದ್ರೆ ಮುಖ ಮುಖ ನೋಡ್ತಾರೆ, ಅಲ್ಲಿ ದಪ್ಪಕ್ಕೆ ಔನ್ಸ್ ಲೆಕ್ಕ, 24 ಔನ್ಸಾ 32 ಔನ್ಸಾ ಅಂತ ಕೇಳಬೇಕು.) ಕಿಟ್ಟಲ್ಲಿ ಬಂದ ರಟ್ಟು ಬೆರಳಲ್ಲಿ ಒತ್ತಿದ್ರೆ ಅಂಚು ಪದರ ಪದರ ಬಿಡ್ತಿತ್ತು, ಇದು ಹಾಗಲ್ಲ.

ಗಮ್ಮಿನ ಬಾಟ್ಲಿ ಅರ್ಧ ಗಟ್ಟಿಯಾಗೇ ಬಂದಿತ್ತು, ಅದರ ಸುದ್ದಿ ಬಿಡಿ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿದ್ರೆ ಆಯ್ತು. ನನಗೆ ಹಳೇ ಕ್ರಮದ ಮೈದಾ ಅಂಟೂ ನೋಡೋಣ ಅನ್ಸಿ, ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು ಹಾಕಿ ಸಣ್ಣ ಉರೀಲಿ ಗಂಟಾಗದ ಹಾಗೆ ತಿರುವಿ, ಬಿಳಿ ಹೋಗಿ ಗಂಜಿ ಥರ ಹೊಳಪು ಬರೋ ತನಕ ಕಾಯಿಸಿದೆ. ಚೆನ್ನಾಗೇ ಹಿಡೀತು. ಮೂರನೇ ದಿನ ಡಬ್ಬ ತೆಗೆದ್ರೆ ಮೇಲೆ ಹಸಿರು ಬೂಷ್ಟು. ಬೈಂಡಿಂಗಿನವರು ಕೇಳಿ ನಕ್ಕು, ಅದಕ್ಕೆ ಒಂದು ಚಿಟಿಕೆ ಮೈಲುತುತ್ತ ಹಾಕಬೇಕಲ್ಲ ಅಂದ್ರು, ಬೂಷ್ಟೂ ಬರಲ್ಲ, ಹುಳನೂ ಮುಟ್ಟಲ್ಲ. ಮೈಲುತುತ್ತಕ್ಕೆ ನಮ್ಮಲ್ಲೇನು ಬರ, ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆದು ಮಿಕ್ಕಿದ್ದು ಶೆಡ್ಡಲ್ಲಿ ಯಾವಾಗಲೂ ಇರುತ್ತೆ. ಆದ್ರೆ ಅದು ವಿಷ, ಅಡುಗೆ ಪಾತ್ರೆಗೆ ಬೇಡ, ಕಬ್ಬಿಣ ಅಲ್ಯೂಮಿನಿಯಂ ಆದ್ರೆ ತಿಂದೇ ಹಾಕುತ್ತೆ, ಬೋರ್ಡೋನ ಪ್ಲಾಸ್ಟಿಕ್ ಡ್ರಮ್ಮಲ್ಲಿ ಕಲಸೋದು ಅದಕ್ಕೇ. ಅಂಟು ತಣ್ಣಗಾದ ಮೇಲೆ ಒಂದು ಹಳೇ ಪ್ಲಾಸ್ಟಿಕ್ ಮಗ್ಗಿಗೆ ಹಾಕಿ ಅದರಲ್ಲಿ ಬೆರೆಸಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮಳೆಗಾಲದಲ್ಲಿ ರಟ್ಟಿಗೆ ಫೆವಿಕಾಲೇ ಸರಿ, ಮೈದಾ ಅಂಟಲ್ಲಿ ನೀರು ಜಾಸ್ತಿ, ಬೇಗ ಒಣಗಲ್ಲ ಅಂತಾನೂ ಅವರೇ ಅಂದಿದ್ದು.

ಇಷ್ಟೊತ್ತು ಬೈದಿದ್ದಾಯ್ತು, ಒಳ್ಳೇದನ್ನೂ ಹೇಳಬೇಕು. ದಾರ ನಿಜವಾಗ್ಲೂ ಚೆನ್ನಾಗಿದೆ. ಡಬ್ಬದ ಮೇಲೆ ಲಿನನ್ ಅಂತ ಬರೆದಿದ್ರು, ತುದಿಗೆ ಬೆಂಕಿ ತಾಗಿಸಿದ್ರೆ ಕರಗಿ ಮಣಿ ಆಯ್ತು, ಅಂದ್ರೆ ಪಾಲಿಯೆಸ್ಟರ್. ಸುಳ್ಳು ಬರೆದಿದ್ದಕ್ಕೆ ಒಂದು ಮಾರ್ಕ್ ಕಟ್, ಆದ್ರೂ ನಮ್ಮ ಥಂಡಿಗೆ ಪಾಲಿಯೆಸ್ಟರೇ ಒಳ್ಳೇದು, ಕೊಳೆಯಲ್ಲ. ಸೂಜಿನೂ ಒಳ್ಳೇದು, ಮೊಂಡು ತುದಿ ಇರೋದ್ರಿಂದ ತೂತು ಬಿಟ್ಟು ಪಕ್ಕಕ್ಕೆ ಚುಚ್ಚಲ್ಲ, ದಾರವನ್ನೂ ಸೀಳಲ್ಲ. ಫೋಲ್ಡರ್ ಮೂಳೆಯದ್ದು ಅಂತ ಹೇಳಿ ಪ್ಲಾಸ್ಟಿಕ್ ಕೊಟ್ಟಿದ್ದಾರೆ, ಚಮಚದ ಬೆನ್ನು ಅದಕ್ಕಿಂತ ವಾಸಿ.

ಚುಚ್ಚುಗದ ಹಿಡಿ ಮೊದಲನೇ ದಿನವೇ ಕೈಗೆ ಬಂತು. ಮನೇಲಿ ಮೂಟೆ ಹೊಲಿಯೋ ದಬ್ಬಳ ಇದ್ಯಲ್ಲ ಅಂತ ಅದರಲ್ಲಿ ಚುಚ್ಚಿದೆ. ಯಾರೂ ಹಾಗೆ ಮಾಡಬೇಡಿ. ದಬ್ಬಳದ ತುದಿ ಮೂರು ಮೂಲೆ, ಗೋಣಿ ಸೀಳೋಕೆ ಇರೋದು, ಕಾಗದಕ್ಕೆ ಚುಚ್ಚಿದ್ರೆ ತೂತಲ್ಲ, ಸೀಳು ಬೀಳುತ್ತೆ, ದಾರ ಬಿಗಿ ಮಾಡಿದ ಕೂಡ್ಲೆ ಅಲ್ಲಿಂದಲೇ ಹರಿಯುತ್ತೆ. ಕೆಟ್ಟ ಒಂದು ಫಾರಂ ಅಂದೆನಲ್ಲ, ಅದು ಹೀಗೇ ಹೋಗಿದ್ದು. ದುಂಡು ತುದಿಯದ್ದೇ ಬೇಕು. ಆ ಹಿಡಿಯನ್ನೇ ಅರಾಲ್ಡೈಟ್ ಹಾಕಿ ಕೂರಿಸಿದೆ, ಈಗ ಗಟ್ಟಿ ಉಂಟು.

ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ. ಬೆಂಗಳೂರಲ್ಲಿ ಕೂತು ಮಾಡೋರಿಗೆ ನಾಲ್ಕು ಅನ್ಸಬಹುದು. ದಾರ, ಸೂಜಿ, ಚುಚ್ಚುಗ ಬಿಡಿಯಾಗಿ ಸಿಕ್ಕಿದ್ರೆ ಅಷ್ಟೇ ತಗೊಳ್ಳಿ, ಕಾಗದ ರಟ್ಟು ಬಟ್ಟೆ ನಿಮ್ಮ ಪೇಟೆ ಬೈಂಡಿಂಗ್ ಅಂಗಡೀಲಿ ಕೇಳಿ. ಆ 1,150ರಲ್ಲಿ ನನಗೆ ಉಪಯೋಗಕ್ಕೆ ಬಂದಿದ್ದು ಹೆಚ್ಚೆಂದ್ರೆ 400 ರೂಪಾಯಿಯಷ್ಟು ಸಾಮಾನು.

ಎರಡನೇ ಪುಸ್ತಕ ಕಾಪ್ಟಿಕ್ ಅಲ್ಲ. ಬೆನ್ನು ತೆರೆದಿದ್ರೆ ಚಂದವೇನೋ ಹೌದು, ಆದ್ರೆ ಧೂಳು, ತೇವ, ಬೆಳ್ಳಿಮೀನು ಹುಳ ಎಲ್ಲಕ್ಕೂ ಬಾಗಿಲು ತೆರೆದಿಟ್ಟ ಹಾಗೆ. ಫಾರಂಗಳನ್ನ ಬೆನ್ನಲ್ಲಿ ಎರಡು ಬಟ್ಟೆ ಟೇಪಿನ ಮೇಲೆ ಹೊಲಿದು, ಕ್ಯಾಲಿಕೋ ಹಾಕಿ ರಟ್ಟಿನ ಬೈಂಡು ಮಾಡಿದೆ, ಮಾವನ ಹಳೇ ಪುಸ್ತಕದ ಥರಾನೇ. ಒಳಗಡೆ ಅಂಟಿಸೋ ಕಾಗದಕ್ಕೆ ಬಣ್ಣ ಹಾಕೋ ಆಸೆ. ಅಷ್ಟರಲ್ಲಿ ಕಕ್ಕಡ ಹದಿನೆಂಟು ಬಂತು, ಅಂದ್ರೆ ಕಕ್ಕಡ ತಿಂಗಳ ಹದಿನೆಂಟನೇ ದಿನ, ಕೊಡಗಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡೋ ದಿನ, ಮದ್ದು ಸೊಪ್ಪು ಬೇಯಿಸಿದ ನೀರು ಪಾಯಸಕ್ಕೆ ಹಾಕಿ ಒಂದು ಲೋಟ ಮಿಕ್ಕಿತ್ತು, ಹಾಳೆ ಅದ್ದಿ ತೆಗೆದೆ. ಅದೆಂಥಾ ನೇರಳೆ ಬಣ್ಣ ಅಂತೀರಿ! ಒಲೆ ಮೇಲೆ ಅಟ್ಟದಲ್ಲಿ ಒಣಗಿಸಿದೆ. ಒಂದು ತಿಂಗಳಿಗೆ ಮಂಕಾಗಿ ಬೂದಿ ಕಲರಿಗೆ ತಿರುಗಿತು, ಆದ್ರೂ ವಾಸನೆ ಇನ್ನೂ ಉಂಟು. ಪುಸ್ತಕವನ್ನ ಭಾರದ ಅಡಿ ಮೂರು ದಿನ ಇಟ್ಟೆ, ಹಾಳೆಗೂ ರಟ್ಟಿಗೂ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ಇಲ್ಲಾಂದ್ರೆ ಅಂಟಿನ ತೇವ ಒಳಗೆಲ್ಲ ಇಳಿಯುತ್ತೆ. ಬಗ್ಗಲಿಲ್ಲ. ಸೆಪ್ಟೆಂಬರ್ ಕಳೀತು, ಇನ್ನೂ ಬಗ್ಗಿಲ್ಲ.

ಬೈಲುಕುಪ್ಪೆ ಗೋಲ್ಡನ್ ಟೆಂಪಲ್‌ಗೆ ನೆಂಟರನ್ನ ಕರ್ಕೊಂಡು ಹೋದಾಗ ಟಿಬೆಟನ್ನರ ಪುಸ್ತಕ ನೋಡಿದ್ದೆ, ಉದ್ದುದ್ದ ಬಿಡಿ ಹಾಳೆ, ಹೊಲಿಗೆನೇ ಇಲ್ಲ, ಬಟ್ಟೇಲಿ ಸುತ್ತಿಡ್ತಾರೆ. ಬೆನ್ನೇ ಇಲ್ಲ ಅಂದ ಮೇಲೆ ಬಿರಿಯೋದೇನು ಅಂತ ಈಗ ಅನ್ಸುತ್ತೆ. ಮಾವನಿಗೆ ಹೇಳಿದ್ರೆ ಬಿಡಿ ಹಾಳೆ ಗಾಳಿಗೆ ಹೋದ್ರೆ ಲೆಕ್ಕ ಯಾರು ಕೊಡೋದು ಅಂದ್ರು.

ಅವರಿಗೆ ಪುಸ್ತಕ ಕೊಟ್ಟಾಗ ಚೆನ್ನಾಗಿದೆ ಅಂತ ಏನೂ ಹೇಳಲಿಲ್ಲ. ಬಿಚ್ಚಿ ಹಿಡಿದು ಎರಡು ಹಾಳೆ ಎಳೆದು ನೋಡಿದ್ರು, ಬೆನ್ನು ಮಡಚಿ ನೋಡಿದ್ರು, ಮೂಸಿ ನೋಡಿ "ಮದ್ದು ಸೊಪ್ಪಾ?" ಅಂದ್ರು. ಆಮೇಲೆ ರಬ್ಬರ್ ಬ್ಯಾಂಡ್ ಬಿಚ್ಚಿ 2018ರ ಆಗಸ್ಟನ್ನ ಮೊದಲನೇ ಪುಟದಿಂದ ದಿನಾ ಒಂದಿಷ್ಟು ನಕಲು ಮಾಡೋಕೆ ಕೂತಿದ್ದಾರೆ, ಇಂಚು ಸೆಂಟು ಸಮೇತ. ಇವತ್ತಿನ ಮಳೆ ಮಾತ್ರ ಇನ್ನೂ ಹಳೇ ಡೈರೀಲೇ ಬರೀತಾ ಇದ್ದಾರೆ.