ಕ್ರೇಫಿಶ್ ಇಲ್ಲಿ ಕೊಳ್ಳಿ, ಏರ್ ಪಂಪ್ ಮಾತ್ರ ಬೇಡ

ದಾವಣಗೆರೆ ಪಿ.ಜೆ. ಬಡಾವಣೆ ಕಡೆ ಒಂದು ಸಣ್ಣ ಅಕ್ವೇರಿಯಂ ಅಂಗಡಿ ಇದೆ. ನಾನು ಕ್ರೇಫಿಶ್ ತಂದದ್ದು ಅಲ್ಲಿಂದಲೇ. ಹೆಸರಲ್ಲಿ ಫಿಶ್ ಇದ್ದರೂ ಅದು ಮೀನಲ್ಲ, ದೊಡ್ಡ ಸೀಗಡಿಯಂತೆ ಕಾಣುವ, ಮುಂದೆ ಏಡಿಗಿರುವಂಥ ಎರಡು ಕೊಂಡಿ ಇರುವ ಪ್ರಾಣಿ. ಹೊಗಳಿಕೆ ಜೊತೆ ದೂರೂ ಇರುವುದರಿಂದ ಹೆಸರು ಹಾಕುವುದಿಲ್ಲ. ಮೀನು ಸಾಕುವವರಿಗೆ ಯಾವುದು ಅಂತ ಗೊತ್ತಾಗಿಬಿಡುತ್ತದೆ. ನನ್ನದು ಮೋಟಾರ್ ವೈಂಡಿಂಗ್ ಕೆಲಸ. ಬೋರ್‌ವೆಲ್ ಮೋಟಾರ್ ಸುಟ್ಟರೆ ರೈತರು ನನ್ನ ಹತ್ತಿರ ತರುತ್ತಾರೆ. ಹಾಗಾಗಿ ಪ್ರಾಣಿಗಿಂತ ಪಂಪಿನ ಮಾತು ಸ್ವಲ್ಪ ಜಾಸ್ತಿ ಬಂದರೆ ಸಹಿಸಿಕೊಳ್ಳಿ.

ಮೊದಲು ಒಳ್ಳೆಯದು. ಅಂಗಡಿ ಹುಡುಗ ಕೇಳಿದ ಕೂಡಲೇ ಹಿಡಿದು ಕವರಿಗೆ ಹಾಕಿ ಕೊಡುವವನಲ್ಲ. "ಟ್ಯಾಂಕ್ ಎಷ್ಟು ಅಡಿ ಅಣ್ಣ? ಮುಚ್ಚಳ ಐತಾ? ಒಳಗೆ ಬೇರೆ ಮೀನು ಅದಾವಾ?" ಅಂತ ಕೇಳಿದ. ಎರಡು ಅಡಿ ಟ್ಯಾಂಕ್, ಖಾಲಿ ಇದೆ ಅಂದ ಮೇಲೆಯೇ ತೋರಿಸಿದ್ದು. ಗಾಜಿನ ಬೌಲ್‌ನಲ್ಲಿ ಇಡುತ್ತೇವೆ ಅಂದ ಒಬ್ಬರನ್ನು ನನ್ನ ಎದುರೇ ವಾಪಸ್ ಕಳಿಸಿದ. ವ್ಯಾಪಾರ ಬಿಡುವ ಅಂಗಡಿಯವರು ಎಲ್ಲಿ ಸಿಗುತ್ತಾರೆ ಹೇಳಿ?

ಅವನು ಕ್ರೇಫಿಶ್‌ಗಳನ್ನು ಒಂದೇ ತೊಟ್ಟಿಗೆ ತುಂಬಿಲ್ಲ. ಗಾಜಿನ ಅಡ್ಡ ತಡೆ ಹಾಕಿ, ಒಂದೊಂದು ಖಾನೆಯಲ್ಲಿ ಒಂದೊಂದು ಬಿಟ್ಟು, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು ಇಟ್ಟಿದ್ದಾನೆ. ಒಟ್ಟಿಗೆ ಬಿಟ್ಟರೆ ಇವು ಕಾದಾಡಿ ಕೊಂಡಿ ಮುರಿದುಕೊಳ್ಳುತ್ತವೆ. ಮುರಿದದ್ದು ಒಂದೆರಡು ಸಲ ಪೊರೆ ಬಿಟ್ಟ ಮೇಲೆ ಮತ್ತೆ ಬೆಳೆಯುತ್ತದೆ, ನಿಜ. ಆದರೂ ಎರಡೂ ಕೊಂಡಿ, ಎರಡೂ ಉದ್ದ ಮೀಸೆ ಸರಿಯಾಗಿರುವುದನ್ನೇ ನೋಡಿ ತಗೊಳ್ಳಿ. ನಾನು ತಂದದ್ದು ಕಡು ನೀಲಿ ಬಣ್ಣದ್ದು, 350 ರೂಪಾಯಿ. ಮೂಲ ಅಮೆರಿಕದ ಫ್ಲೋರಿಡಾ ಕಡೆಯದು. ಅಲ್ಲಿ ತಾನಾಗಿ ಬೆಳೆದದ್ದು ಹೆಚ್ಚಾಗಿ ಕಂದು ಬಣ್ಣವೇ ಇರುತ್ತದಂತೆ, ಈ ನೀಲಿ ಸಾಕುವವರು ಆರಿಸಿ ಬೆಳೆಸಿದ ತಳಿ. ಅಂಗಡಿಯ ಚೀಟಿಯಲ್ಲಿ 'ಬ್ಲೂ ಲಾಬ್‌ಸ್ಟರ್' ಅಂತ ಬರೆದಿದ್ದಾರೆ. ಅದನ್ನು ನಂಬಿ ಉಪ್ಪು ನೀರು ಕಲಸೀರಿ, ಇದು ಸಿಹಿನೀರಿನ ಪ್ರಾಣಿ. ನಮ್ಮ ಅಮ್ಮನಿಗಂತೂ ಚೇಳು. "ನೀರಾಗೆ ಚೇಳು ಬಿಟ್ಟೀಯಲ್ಲೋ" ಅಂತ ಈಗಲೂ ಬೈಯುತ್ತಾರೆ.

ಇನ್ನು ಸಾಮಾನಿನ ವಿಷಯ. 'ಫುಲ್ ಸೆಟ್' ಅಂತ ಏರ್ ಪಂಪ್, ಬಣ್ಣದ ಕಲ್ಲು, ಮುಚ್ಚಳ, ಒಂದು ಔಷಧಿ ಬಾಟಲಿ ಸೇರಿಸಿ ಕೊಡುತ್ತಾರೆ. ಪಂಪ್ ಬಿಚ್ಚಿ ನೋಡಿದೆ, ಸುಮ್ನೆ ಇರಲಾಗಲಿಲ್ಲ. ಇದರೊಳಗೆ ತಿರುಗುವ ಮೋಟಾರ್ ಇರುವುದಿಲ್ಲ. ಒಂದು ಕಾಯಿಲ್, ಅದರ ಮುಂದೆ ಮ್ಯಾಗ್ನೆಟ್ ಅಂಟಿಸಿದ ಕಡ್ಡಿ. ಕರೆಂಟ್ ಬಂದರೆ ಕಡ್ಡಿ ಸೆಕೆಂಡಿಗೆ 50 ಸಲ ಓಲಾಡಿ ರಬ್ಬರ್ ಬಟ್ಟಲನ್ನು ಒತ್ತುತ್ತದೆ, ಗಾಳಿ ಬರುತ್ತದೆ. ಇಷ್ಟೇ. ಇವರು ಕೊಟ್ಟಿದ್ದರಲ್ಲಿ ಕಾಯಿಲ್ ಪರವಾಗಿಲ್ಲ, ರಬ್ಬರ್ ಮಾತ್ರ ತೀರಾ ತೆಳು, ಬೇಗ ಹರಿಯಿತು. ಅದಕ್ಕಿಂತ ದೊಡ್ಡ ತಪ್ಪು, ಪೈಪಿಗೆ ನಾನ್ ರಿಟರ್ನ್ ವಾಲ್ವ್ ಕೊಟ್ಟಿಲ್ಲ. ಟ್ಯಾಂಕ್‌ಗಿಂತ ಕೆಳಗೆ ಪಂಪ್ ಇಟ್ಟಿದ್ದರೆ, ಕರೆಂಟ್ ಹೋದಾಗ ನೀರು ಅದೇ ಪೈಪಿನಲ್ಲಿ ಹಿಂದೆ ಇಳಿದು ಪಂಪಿಗೆ ನುಗ್ಗಬಹುದು. ನಮ್ಮೂರಲ್ಲಿ ಕರೆಂಟ್ ಹೋಗುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ ಅಲ್ವಾ? ವಾಲ್ವ್ ಬೇರೆ ಕೊಳ್ಳಿ, ಅಗ್ಗದ್ದೇ. ಪಂಪ್ ಬ್ಯಾಟರಿ ಇರುವುದನ್ನು ತಗೊಳ್ಳಿ. ಬೇಸಿಗೆಯಲ್ಲಿ ಅದು ಇನ್ನೂ ಮುಖ್ಯ, ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಏಪ್ರಿಲ್‌ನಲ್ಲಿ ನಾನು ನೀರಿನ ಮೇಲೆ ಟೇಬಲ್ ಫ್ಯಾನ್ ತಿರುಗಿಸಿ ಇಡುತ್ತೇನೆ.

ಔಷಧಿ ಬಾಟಲಿ ನೋಡಿ ಸಿಟ್ಟೇ ಬಂತು. ಲೇಬಲ್ ಮೇಲೆ ಕಾಪರ್ ಸಲ್ಫೇಟ್ ಅಂತ ಇದೆ. ಮೀನಿನ ಮೈಮೇಲಿನ ಹುಳಕ್ಕೆ ಅದು ಸರಿ, ಕ್ರೇಫಿಶ್, ಸೀಗಡಿಗೆ ತಾಮ್ರ ವಿಷ. ದಿನವಿಡೀ ತಾಮ್ರದ ತಂತಿ ಸುತ್ತುವ ನಾನು ಕೈ ಸೋಪಿನಿಂದ ತೊಳೆಯದೆ ಟ್ಯಾಂಕ್ ಮುಟ್ಟುವುದಿಲ್ಲ. ಬಾಟಲಿ ವಾಪಸ್ ಕೊಟ್ಟೆ. ಹುಡುಗ ತಕರಾರು ಮಾಡದೆ ದುಡ್ಡು ಕೊಟ್ಟ, ಆದರೆ ಮುಂದಿನ ಸಲ ಹೋದಾಗಲೂ ಸೆಟ್‌ನಲ್ಲಿ ಅದೇ ಬಾಟಲಿ ಇತ್ತು. ಅಂದ ಹಾಗೆ, ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆ, ಜಿರಳೆ ಸ್ಪ್ರೇ ಹೊಡೆಯಬೇಡಿ. ಕೀಟ ಕೊಲ್ಲುವ ಔಷಧಿ ಇದನ್ನೂ ಕೊಲ್ಲುತ್ತದೆ.

ಮುಚ್ಚಳದಲ್ಲಿ ಪೈಪ್ ಹೋಗಲು ಬಿಟ್ಟ ಕಂಡಿ ದೊಡ್ಡದಾಯಿತು. ಕ್ರೇಫಿಶ್ ಆ ಪೈಪನ್ನೇ ಹಿಡಿದು ರಾತ್ರಿ ಹತ್ತಿ ಬರುತ್ತದೆ. ಅಲ್ಲಿ ಸ್ಪಂಜ್ ತುರುಕಿ, ಮೇಲೊಂದು ಭಾರ ಇಡಿ.

ನೀರಿನ ಮಟ್ಟಿಗೆ ನಾವು ಅದೃಷ್ಟವಂತರು. ನಿಟ್ಟುವಳ್ಳಿಯ ನಮ್ಮ ಮನೆ ಬೋರ್ ನೀರು ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವಷ್ಟು ಗಡುಸು. ಹೆಂಡತಿಗೆ ತಲೆನೋವು, ಕ್ರೇಫಿಶ್‌ಗೆ ಹಬ್ಬ. ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕಲ್ಲ, ಗಡುಸು ನೀರಿನಲ್ಲಿ ಅದು ಇರುತ್ತದೆ. ನಲ್ಲಿ ನೀರು ಹಾಕುವವರು ಕ್ಲೋರಿನ್ ತೆಗೆಯುವ ಹನಿ ಹಾಕಲೇಬೇಕು. ಪೊರೆ ಬಿಟ್ಟಾಗ ಟ್ಯಾಂಕ್‌ನಲ್ಲಿ ಇಡೀ ಚಿಪ್ಪು ಕೊಂಡಿ ಸಮೇತ ಬಿದ್ದಿರುತ್ತದೆ, ಸತ್ತೇ ಹೋಯಿತು ಅನ್ನಿಸುತ್ತದೆ. ಆ ಚಿಪ್ಪು ತೆಗೆಯಬೇಡಿ ಅಂತ ಹುಡುಗ ಮೊದಲೇ ಹೇಳಿದ್ದ. ಅದನ್ನೇ ತಿಂದು ಕ್ಯಾಲ್ಸಿಯಂ ವಾಪಸ್ ಪಡೆಯುತ್ತದೆ. ಮೈ ಮೆತ್ತಗಿರುವ ಆ ದಿನಗಳಲ್ಲಿ ಪೈಪ್ ಬಿಟ್ಟು ಹೊರಗೆ ಬರುವುದಿಲ್ಲ, ಕೆಣಕಬಾರದು.

ಊಟ ಸುಲಭ. ಮುಳುಗುವ ಪೆಲೆಟ್, ಬೇಯಿಸಿದ ಬಟಾಣಿ, ಬೀನ್ಸ್. ಬಾದಾಮಿ ಮರದ ಒಣ ಎಲೆಯನ್ನು ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ಮಾರುತ್ತಾರೆ. ರಸ್ತೆ ಬದಿ ಉದುರಿದ್ದನ್ನು ತೊಳೆದು ಹಾಕಿದರೂ ತಿನ್ನುತ್ತದೆ.

ಅಂಗಡಿಗೆ ಒಂದು ನಕ್ಷತ್ರ ಜಾಸ್ತಿ ಕೊಡುವುದು ಇದಕ್ಕೆ: "ಸಾಕಾಯ್ತು ಅನಿಸಿದ್ರೆ ನನಗೇ ತಂದುಕೊಡಿ ಅಣ್ಣ, ಕುಂದವಾಡ ಕೆರೆಗೆ ಬಿಡಬ್ಯಾಡ್ರಿ" ಅಂದ. ಸರಿಯಾದ ಮಾತು. ಸ್ಪೇನಿನಲ್ಲಿ 1970ರ ದಶಕದಲ್ಲಿ ಸಾಕಲು ತಂದ ಕೆಂಪು ಕ್ರೇಫಿಶ್ ಹೊರಗೆ ಹರಡಿ, ಭತ್ತದ ಗದ್ದೆಯ ಬದುಗಳನ್ನೇ ಕೊರೆದು ಹಾಕಿತು. ಭದ್ರಾ ನಾಲೆ ನಂಬಿ ಭತ್ತ ಬೆಳೆಯುವ ಊರಿಗೆ ಅದು ಬೇಕಾ?

ಐದಕ್ಕೆ ನಾಲ್ಕು. ಸಂಜೆ ಹೋಗಿ, ಮಧ್ಯಾಹ್ನ ಊಟಕ್ಕೆ ಅಂತ ಬಾಗಿಲು ಹಾಕಿರುತ್ತಾನೆ. ಫೋನ್‌ಪೇ ನಡೆಯುತ್ತದೆ, ಕಾರ್ಡ್ ಇಲ್ಲ.