ಕಾರು, ಮೊಬೈಲು, ಅಡುಗೆಮನೆ: ದುಡ್ಡು ಕೊಟ್ಟು ಇಳಿಸಿಕೊಂಡ ಹಾಡು ಎಲ್ಲೆಲ್ಲಿ ಹಾಡುತ್ತದೆ

ಹರಿಕಥೆಯ ಆಲ್ಬಮ್ ಒಂದನ್ನು ದುಡ್ಡು ಕೊಟ್ಟು ಇಳಿಸಿಕೊಂಡು, ಪೆನ್‌ಡ್ರೈವ್‌ಗೆ ಹಾಕಿ ಕಾರಿನ ಸೆಟ್‌ಗೆ ಚುಚ್ಚಿದರೆ, ಪೀಠಿಕೆ ಮುಗಿಯುತ್ತಿದ್ದಂತೆ ಕಥೆ ನೇರವಾಗಿ ಕೊನೆಗೆ ಹಾರುತ್ತದೆ. ಒಂದನೇ ಭಾಗ ಆದಮೇಲೆ ಹತ್ತನೆಯದು, ಆಮೇಲೆ ಹನ್ನೊಂದು, ಹನ್ನೆರಡು, ಅದಾದಮೇಲೆ ಎರಡು. ಡಿಜಿಟಲ್ ಹಾಡು ಕೊಳ್ಳುವ ವಿಷಯದಲ್ಲಿ ನನ್ನ ಅತಿ ದೊಡ್ಡ ತಕರಾರು ಇದೇ. ಬೆಲೆ, ಬಿಟ್‌ರೇಟ್ ಎಲ್ಲ ಅಂಗಡಿಯ ಪುಟದಲ್ಲೇ ಇರುವುದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಕೊಂಡ ಫೈಲು ಕಾರು, ಮೊಬೈಲು, ಅಡುಗೆಮನೆಯ ಪುಟ್ಟ ಸ್ಪೀಕರು ಮೂರರಲ್ಲೂ ನೆಟ್ಟಗೆ ಹಾಡುತ್ತದೆಯೇ, ಹಾಡದಿದ್ದರೆ ಏಕೆ ಎಂಬುದಷ್ಟೇ ಈ ವಿಮರ್ಶೆ. ವರ್ಷಗಟ್ಟಲೆ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ತುಮಕೂರಿನವರಿಗೆ ಇದು ಏಕೆ ಬೇಕು ಎಂದರೆ, ಬೆಂಗಳೂರಿಗೆ ಒಂದು ದಿಕ್ಕಿಗೆ ಸುಮಾರು 70 ಕಿಲೋಮೀಟರ್ ಓಡಾಡುವವರು ಇಲ್ಲಿ ಬಹಳ ಜನ. ಹೆದ್ದಾರಿಯಲ್ಲಿ ನೆಟ್‌ವರ್ಕ್ ಹೇಗೋ ಸಿಗುತ್ತದೆ. ದೇವರಾಯನದುರ್ಗದ ಕಾಡಿನ ದಾರಿ ಹಿಡಿದರೆ ಅಥವಾ ಮಧುಗಿರಿ ದಾಟಿ ಪಾವಗಡದ ಕಡೆ ಹೊರಟರೆ ಚಂದಾ ಕಟ್ಟಿ ಹಾಡು ಕೇಳುವ ಆ್ಯಪ್ ಮೇಲೆ ಭರವಸೆ ಇಡುವ ಹಾಗಿಲ್ಲ. ಆ್ಯಪ್ ಒಳಗೆ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಆಯಿತಲ್ಲ ಅನ್ನುತ್ತಾರೆ. ಹಾಗೆ ಇಳಿಯುವುದು ಆ ಆ್ಯಪ್ ಮಾತ್ರ ತೆರೆಯಬಲ್ಲ, ಬೀಗ ಹಾಕಿದ ಫೈಲು. ಪೆನ್‌ಡ್ರೈವ್‌ಗೆ ಹೋಗುವುದಿಲ್ಲ, ಚಂದಾ ಮುಗಿದ ದಿನ ಹಾಡುವುದೂ ಇಲ್ಲ. 2024ರಲ್ಲಿ ವಿಂಕ್ ಮ್ಯೂಸಿಕ್ ಮುಚ್ಚಿದಾಗ ಆ್ಯಪ್ ಒಳಗೆ ಜೋಡಿಸಿಟ್ಟದ್ದೆಲ್ಲ ಆ್ಯಪ್ ಜೊತೆಗೇ ಹೋಯಿತು. ಫ್ಲಿಪ್‌ಕಾರ್ಟ್‌ನ ಹಾಡಿನ ಅಂಗಡಿ ಫ್ಲೈಟ್ 2012ರಲ್ಲಿ ಶುರುವಾಗಿ 2013ರಲ್ಲೇ ನಿಂತುಹೋಯಿತು. ಆದರೆ ಅಲ್ಲಿ ಮಾರಿದ್ದು ಬೀಗವಿಲ್ಲದ ಎಂಪಿ3. ಅಂದು ಕೊಂಡು ಜೋಪಾನ ಮಾಡಿದವರ ಫೈಲು ಇಂದಿಗೂ ಯಾವ ಸೆಟ್‌ನಲ್ಲಾದರೂ ಹಾಡುತ್ತದೆ. ಕೊಳ್ಳುವ ಮೊದಲು ಈ ಒಂದು ವ್ಯತ್ಯಾಸ ತಿಳಿದಿದ್ದರೆ ಸಾಕು.

ನಾನು ಹೆಚ್ಚು ಬಳಸುವುದು ಎರಡು ಕಡೆ. ಸಿನಿಮಾ ಹಾಡು, ಭಾವಗೀತೆ, ದಾಸರ ಪದಗಳಿಗೆ ಆ್ಯಪಲ್‌ನ ಹಾಡಿನ ಅಂಗಡಿ ಐಟ್ಯೂನ್ಸ್ ಸ್ಟೋರ್. ಸ್ವತಂತ್ರ ಬ್ಯಾಂಡುಗಳಿಗೆ, ಕಲಾವಿದರೇ ಮಾರುವ ಕಛೇರಿಗಳಿಗೆ ಬ್ಯಾಂಡ್‌ಕ್ಯಾಂಪ್ ಎಂಬ ಸೈಟು. ಐಟ್ಯೂನ್ಸ್ 2012ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂತು. ಅಷ್ಟರಲ್ಲಿ ಆ್ಯಪಲ್ ತನ್ನ ಹಾಡುಗಳ ಬೀಗ ತೆಗೆದು ಮೂರು ವರ್ಷ ಕಳೆದಿತ್ತು, ಹಾಗಾಗಿ ಇಲ್ಲಿ ಕೊಂಡದ್ದೆಲ್ಲ 256 ಕೆಬಿಪಿಎಸ್ ಬಿಟ್‌ರೇಟ್‌ನ, ಬೀಗವಿಲ್ಲದ ಎಎಸಿ ಫೈಲು, ಅಂದರೆ ಎಂಪಿ3ಯಂತೆ ಧ್ವನಿಯನ್ನು ಕುಗ್ಗಿಸಿಡುವ ಇನ್ನೊಂದು ರೂಪ. ಗುರುತು ಹಿಡಿಯುವುದು ಸುಲಭ. ಹೆಸರಿನ ಕೊನೆಯಲ್ಲಿ ಎಂ4ಎ ಇದ್ದರೆ ಅದು ಕೊಂಡದ್ದು, ನಿಮ್ಮದು. ಎಂ4ಪಿ ಇದ್ದರೆ ಅದು ತಿಂಗಳ ಚಂದಾದ ಹಾಡು, ಆ್ಯಪ್ ಬಿಟ್ಟು ಹೊರಗೆ ಬರುವುದಿಲ್ಲ. ಎರಡೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿರುವುದರಿಂದ ಪೆನ್‌ಡ್ರೈವ್‌ಗೆ ಹಾಕುವಾಗ ಇದನ್ನೊಮ್ಮೆ ನೋಡಿಕೊಳ್ಳಬೇಕು. ಇನ್ನೊಂದು ವಿಷಯ: ಎಂ4ಎ ಫೈಲಿನೊಳಗೆ ಕೊಂಡವರ ಹೆಸರು, ಇಮೇಲ್ ವಿಳಾಸ ಬರೆದಿರುತ್ತದೆ. ವಾಟ್ಸ್ಯಾಪ್ ಗುಂಪುಗಳಿಗೆ ಹಂಚುವ ಆಲೋಚನೆ ಇದ್ದವರು ಇದನ್ನು ತಿಳಿದಿರಲಿ.

ಹಣ ಕಟ್ಟುವುದು ಆ್ಯಪಲ್‌ನಲ್ಲಿ ಸುಲಭ, ಯುಪಿಐ ಮೂಲಕ ಖಾತೆಗೆ ಬ್ಯಾಲೆನ್ಸ್ ಹಾಕಿಕೊಂಡು ಖರ್ಚು ಮಾಡಬಹುದು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ಆನ್ ಆಗಿರಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದಾಗಿ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆಯಬೇಕು. ಕೊಂಡಾದಮೇಲೆ ಮತ್ತೆ ಮುಚ್ಚಿಡಿ. ವಿದೇಶಿ ಹಣಕ್ಕೆ ಬದಲಾಯಿಸಿದ್ದಕ್ಕೆ ಬ್ಯಾಂಕು ಬೇರೆ ಶುಲ್ಕ ಹಿಡಿಯುತ್ತದೆ, ಅದರ ಮೇಲೆ ಜಿಎಸ್‌ಟಿ. ಆದರೂ ಕೊಡಲು ಬೇಸರವಿಲ್ಲ, ಏಕೆಂದರೆ ಸೈಟು ಹಿಡಿದುಕೊಳ್ಳುವುದು ಶೇಕಡಾ 15, ಮಿಕ್ಕಿದ್ದರಲ್ಲಿ ಹಣ ಪಾವತಿಯ ಖರ್ಚು ಕಳೆದು ಉಳಿದದ್ದು ಹಾಡಿದವರಿಗೆ ಸೇರುತ್ತದೆ. ಫೈಲು ಯಾವ ರೂಪದಲ್ಲಿ ಬೇಕು ಎಂದು ಆರಿಸುವ ಅವಕಾಶವೂ ಅಲ್ಲಿದೆ: ಎಂಪಿ3, ಧ್ವನಿ ಸವೆಯದ ಫ್ಲ್ಯಾಕ್, ಎಎಸಿ, ಡಬ್ಲ್ಯೂಎವಿ, ಇನ್ನೂ ಕೆಲವು. ಒಮ್ಮೆ ಕೊಂಡರೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಇಳಿಸಿಕೊಳ್ಳಬಹುದು. ನನ್ನ ರೂಢಿ: ಫ್ಲ್ಯಾಕ್ ಒಂದು ಪ್ರತಿ ಕಂಪ್ಯೂಟರಿಗೆ, 320 ಕೆಬಿಪಿಎಸ್‌ನ ಎಂಪಿ3 ಒಂದು ಪ್ರತಿ ಪೆನ್‌ಡ್ರೈವ್‌ಗೆ.

ಈಗ ಮೊದಲ ತೊಡಕು. ಎಂ4ಎ ಫೈಲು ಹೊಸ ಕಾರುಗಳ ಟಚ್‌ಸ್ಕ್ರೀನ್ ಸೆಟ್‌ನಲ್ಲಿ ಸಾಮಾನ್ಯವಾಗಿ ಹಾಡುತ್ತದೆ, ಮೊಬೈಲಿನಲ್ಲಂತೂ ಹಾಡೇ ಹಾಡುತ್ತದೆ. ಅಡುಗೆಮನೆಯಲ್ಲಿ ಇಡುವ, ಮೆಮೊರಿ ಕಾರ್ಡ್ ಹಾಕುವ ಅಗ್ಗದ ಸ್ಪೀಕರುಗಳು, ಹಳೆಯ ಕಾರಿಗೆ ಹೊರಗಿನಿಂದ ಕೂಡಿಸಿದ ಸೆಟ್‌ಗಳು ಹೆಚ್ಚಾಗಿ ಎಂಪಿ3 ಬಿಟ್ಟು ಬೇರೆಯದನ್ನು ಕಂಡರೂ ಕಾಣದಂತೆ ಮುಂದೆ ಹೋಗುತ್ತವೆ. ಪರದೆಯ ಮೇಲೆ ನೋ ಫೈಲ್ ಎಂದು ಬಂದರೆ ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಳ್ಳಬೇಡಿ. ವಿಂಡೋಸ್‌ನ ಐಟ್ಯೂನ್ಸ್ ತಂತ್ರಾಂಶದ ಪ್ರಿಫರೆನ್ಸಸ್‌ನಲ್ಲಿ ಇಂಪೋರ್ಟ್ ಸೆಟ್ಟಿಂಗ್ಸ್ ತೆರೆದು ಎಂಪಿ3 ಎನ್‌ಕೋಡರ್ ಆರಿಸಿ. ಆಮೇಲೆ ಹಾಡುಗಳನ್ನು ಆಯ್ದು ಫೈಲ್ ಮೆನುವಿನ ಕನ್ವರ್ಟ್‌ನಲ್ಲಿ ಎಂಪಿ3 ವರ್ಷನ್ ಮಾಡಿಕೊಳ್ಳಿ. ಎಎಸಿಯಿಂದ ಎಂಪಿ3 ಮಾಡಿದರೆ ಧ್ವನಿ ಎರಡನೇ ಸಲ ಸವೆಯುತ್ತದೆ. ಕಾರಿನ ಸದ್ದಿನಲ್ಲಿ ಅದು ಗೊತ್ತಾಗುವುದು ಕಷ್ಟ, ಆದರೆ ಮೂಲ ಎಂ4ಎಯನ್ನು ಅಳಿಸಬೇಡಿ.

ಎರಡನೇ ತೊಡಕು ಕ್ರಮದ್ದು. ಸೆಟ್‌ಗಳಲ್ಲಿ ಎರಡು ಜಾತಿ. ಕೆಲವು ಫೈಲಿನ ಹೆಸರು ನೋಡಿ ಹಾಡುತ್ತವೆ. ಅವಕ್ಕೆ 10 ಎಂಬುದು 2ಕ್ಕಿಂತ ಮೊದಲು, ಏಕೆಂದರೆ ಅವು ಹೋಲಿಸುವುದು ಅಕ್ಷರ ಅಕ್ಷರವಾಗಿ. ಹೆಸರಿನ ಆರಂಭದಲ್ಲಿ 01, 02 ಎಂದು ಸೊನ್ನೆ ಸೇರಿಸಿದರೆ ಅಲ್ಲಿಗೆ ಸರಿಹೋಯಿತು. ಇನ್ನು ಕೆಲವು ಸೆಟ್‌ಗಳು ಹೆಸರನ್ನು ನೋಡುವುದೇ ಇಲ್ಲ. ಪೆನ್‌ಡ್ರೈವ್ ತನ್ನ ಫೈಲುಗಳ ಲೆಕ್ಕ ಇಡುವ ಫ್ಯಾಟ್ ಪಟ್ಟಿಯಲ್ಲಿ ಯಾವ ಫೈಲು ಮೊದಲು ಬರೆಸಿಕೊಂಡಿದೆಯೋ ಅದನ್ನೇ ಮೊದಲು ಹಾಡುತ್ತವೆ. ಕಂಪ್ಯೂಟರಿನ ಪರದೆಯಲ್ಲಿ ಎಲ್ಲ ಸಾಲಾಗಿ ಕಂಡರೂ ಕಾರಿನಲ್ಲಿ ಕಲಸುಮೇಲೋಗರ ಆಗುವುದು ಇದರಿಂದಲೇ. ಮೊಬೈಲಿಗೆ ಒಟಿಜಿ (ಪೆನ್‌ಡ್ರೈವ್ ಕೂಡಿಸುವ ಕೊಂಡಿ) ಹಾಕಿ ಕಾಪಿ ಮಾಡಿದಾಗ ಕ್ರಮ ಹೆಚ್ಚು ಕೆಡುತ್ತದೆ.

ಇದಕ್ಕೆ ಮದ್ದು ಇದೆ. ಪೆನ್‌ಡ್ರೈವ್ ಖಾಲಿ ಮಾಡಿ ಮತ್ತೆ ಫಾರ್ಮ್ಯಾಟ್ ಮಾಡಿ. ವಿಂಡೋಸ್‌ನಲ್ಲಿ ಫೋಲ್ಡರನ್ನು ಹೆಸರಿನ ಪ್ರಕಾರ ಜೋಡಿಸಿ, ಎಲ್ಲವನ್ನೂ ಆಯ್ದು, ಎಳೆಯುವಾಗ ಮೊದಲನೇ ಫೈಲನ್ನೇ ಹಿಡಿದು ಎಳೆಯಿರಿ. ನಡುವಿನದನ್ನು ಹಿಡಿದರೆ ಅದೇ ಮೊದಲು ಕಾಪಿ ಆಗುತ್ತದೆ. ಈಗಾಗಲೇ ತುಂಬಿದ ಪೆನ್‌ಡ್ರೈವ್ ಆದರೆ ವಿಂಡೋಸ್‌ಗೆ ಡ್ರೈವ್‌ಸಾರ್ಟ್, ಲಿನಕ್ಸ್‌ಗೆ ಫ್ಯಾಟ್‌ಸಾರ್ಟ್ ಎಂಬ ಸಣ್ಣ ತಂತ್ರಾಂಶಗಳಿವೆ, ಪಟ್ಟಿಯನ್ನೇ ತಿದ್ದಿ ಕೊಡುತ್ತವೆ. ಒಂದು ಹಾಡು ಅಳಿಸಿ ಇನ್ನೊಂದು ಸೇರಿಸಿದಾಗ ಹೊಸದು ಹಳೆಯದರ ಖಾಲಿ ಜಾಗದಲ್ಲಿ ಹೋಗಿ ಕೂರುವುದುಂಟು. ಹಾಗಾಗಿ ಬದಲಾಯಿಸಬೇಕೆಂದರೆ ಇಡೀ ಫೋಲ್ಡರ್ ತೆಗೆದು, ಕಾಪಿ ಮಾಡಿ, ಪಟ್ಟಿಯನ್ನು ಇನ್ನೊಮ್ಮೆ ಸಾರ್ಟ್ ಮಾಡಿಬಿಡಿ. ಮ್ಯಾಕ್ ಬಳಸುವವರಿಗೆ ಇನ್ನೊಂದು ಕಾಟ: ಪ್ರತಿ ಹಾಡಿನ ಜೊತೆಗೆ ಚುಕ್ಕಿ, ಅಡಿಗೆರೆಯಿಂದ ಶುರುವಾಗುವ ಕಾಣದ ಪುಟ್ಟ ಫೈಲು ಹೋಗುತ್ತದೆ, ಸೆಟ್ ಅದನ್ನೂ ಹಾಡಲು ನೋಡಿ ಎರರ್ ತೋರಿಸುತ್ತದೆ. ಟರ್ಮಿನಲ್‌ನಲ್ಲಿ ಡಾಟ್_ಕ್ಲೀನ್ ಎಂಬ ಆಜ್ಞೆಯಿಂದ ಅವನ್ನು ಗುಡಿಸಬಹುದು.

ಪೆನ್‌ಡ್ರೈವ್ 16 ಅಥವಾ 32 ಜಿಬಿಯದ್ದೇ ಸಾಕು. ಐದು ನಿಮಿಷದ ಹಾಡು 320ರ ಎಂಪಿ3ಯಲ್ಲಿ 12 ಎಂಬಿ, ಅಂದರೆ 16 ಜಿಬಿಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು. ಫೈಲಿಗೂ ಫೋಲ್ಡರಿಗೂ ಸೆಟ್‌ಗಳಲ್ಲಿ ಮಿತಿ ಇರುತ್ತದೆ, ಕಾರಿನ ಕೈಪಿಡಿ ನೋಡಿ. 64 ಜಿಬಿಯದ್ದು ಹೆಚ್ಚಾಗಿ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿ ಬರುತ್ತದೆ, ಎಷ್ಟೋ ಸೆಟ್‌ಗಳು ಓದುವುದು ಫ್ಯಾಟ್32 ಮಾತ್ರ. ಕಾರಿನಲ್ಲಿ ಎರಡು ಯುಎಸ್‌ಬಿ ಕಿಂಡಿ ಇದ್ದರೆ ಒಂದು ಬರೀ ಚಾರ್ಜಿಂಗ್‌ಗೆ ಇರಬಹುದು.

ಇಷ್ಟೆಲ್ಲ ಓದಿ ಇದು ಯಾರಿಗೆ ಬೇಕಪ್ಪ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಒಮ್ಮೆ ದಾರಿ ಮಾಡಿಕೊಂಡ ಮೇಲೆ ಈ ಕೆಲಸವೇ ಇಷ್ಟವಾಗುತ್ತದೆ, ನಾನು ನಿರೀಕ್ಷಿಸದ ಸಂತೋಷ ಸಿಕ್ಕಿದ್ದು ಇಲ್ಲೇ. ಭಾನುವಾರ ಸಂಜೆಯ ಕಾಫಿ ಜೊತೆಗೆ ಮಾಡುವ ಕೆಲಸ. ಇಳಿಸಿದ ಜಿಪ್ ಫೈಲು ಬಿಚ್ಚಿ, ಹಾಡಿನ ಹೆಸರು, ವಿವರ ತಿದ್ದುವ ಎಂಪಿ3ಟ್ಯಾಗ್ ತಂತ್ರಾಂಶ ತೆರೆದು, ಆಲ್ಬಮ್ಮಿನ ಹಾಡುಗಳನ್ನು ಒಂದೊಂದಾಗಿ ಕಣ್ಣಾಡಿಸುವುದು. ಬ್ಯಾಂಡ್‌ಕ್ಯಾಂಪ್‌ನ ಫೈಲುಗಳಿಗೆ ಕಲಾವಿದರ ಹೆಸರು, ಆಲ್ಬಮ್ಮಿನ ಹೆಸರು, ಸಂಖ್ಯೆ, ಕೊನೆಗೆ ಹಾಡಿನ ಹೆಸರು ಇರುತ್ತದೆ. ಚಿಕ್ಕ ಪರದೆಯ ಸೆಟ್‌ನಲ್ಲಿ ಕಾಣುವುದು ಮೊದಲ ಹತ್ತು ಹದಿನೈದು ಅಕ್ಷರ, ಎಲ್ಲ ಹಾಡೂ ಒಂದೇ ಹೆಸರಿನದಾಗಿ ಕಾಣುತ್ತದೆ. ಎಂಪಿ3ಟ್ಯಾಗ್‌ನಲ್ಲಿ ಆಲ್ಟ್ ಮತ್ತು 1 ಒತ್ತಿ, ಎರಡಂಕಿಯ ಸಂಖ್ಯೆ ಹಾಗೂ ಹಾಡಿನ ಹೆಸರು ಮಾತ್ರ ಉಳಿಯುವಂತೆ ಮಾಡಿದರೆ ಇಡೀ ಆಲ್ಬಮ್ ಒಂದೇ ಏಟಿಗೆ ಚೊಕ್ಕಟ. ಸಂಖ್ಯೆಯೇ ಇಲ್ಲದಿದ್ದರೆ ಕಂಟ್ರೋಲ್ ಮತ್ತು ಕೆ ಒತ್ತಿ ಸಾಲಾಗಿ ಹಾಕಿಸಬಹುದು.

ಕನ್ನಡ ಅಕ್ಷರದ ಹೆಸರುಗಳು ಹಳೆಯ ಸೆಟ್‌ನಲ್ಲಿ ಚೌಕ ಚೌಕವಾಗಿ ಬರುತ್ತವೆ, ಕನ್ನಡದ ಫಾಂಟ್ ಒಳಗಿಲ್ಲದ ಕಾರಣ. ಅದಕ್ಕೆ ಮದ್ದಿಲ್ಲ, ಕಾರಿನ ಪ್ರತಿಯಲ್ಲಿ ಇಂಗ್ಲಿಷ್ ಅಕ್ಷರ ಬಳಸಲೇಬೇಕು. ಇಂಗ್ಲಿಷ್ ಅಕ್ಷರವೂ ಕಾಣದಿದ್ದರೆ ಎಂಪಿ3ಟ್ಯಾಗ್‌ನಲ್ಲಿ ಟ್ಯಾಗ್ (ಫೈಲಿನೊಳಗಿನ ಹಾಡಿನ ವಿವರ) ಬರೆಯುವ ಬಗೆಯನ್ನು ಐಡಿ3ವಿ2.3, ಯುಟಿಎಫ್-16 ಎಂದು ಬದಲಿಸಿ. ಅದರ ಮುಂದಿನ ಆವೃತ್ತಿ 2.4ನ್ನು ಓದದ ಸೆಟ್‌ಗಳು ಬೇಕಾದಷ್ಟಿವೆ. ಮುಖಪುಟದ ಚಿತ್ರ 500 ಗುಣಿಸು 500 ಅಳತೆಯ ಜೆಪೆಗ್ ಇದ್ದರೆ ಸಾಕು. ಮೂರು ಸಾವಿರ ಪಿಕ್ಸೆಲ್‌ನ ಚಿತ್ರ ಒಳಗಿದ್ದರೆ ಕೆಲವು ಸೆಟ್ ಪ್ರತಿ ಹಾಡಿನ ಆರಂಭದಲ್ಲಿ ತಡವರಿಸುತ್ತವೆ.

ಶಾಸ್ತ್ರೀಯ ಸಂಗೀತ ಕೇಳುವವರಿಗೆ ಒಂದು ಮಾತು ಹೆಚ್ಚಿಗೆ. ರಾಗ, ತಾನ, ಪಲ್ಲವಿಯನ್ನು ಮೂರು ಫೈಲು ಮಾಡಿ ಮಾರುತ್ತಾರೆ. ಪ್ರತಿ ಫೈಲಿನ ಆದಿ, ಅಂತ್ಯದಲ್ಲಿ ಎನ್‌ಕೋಡರ್, ಅಂದರೆ ಎಂಪಿ3 ಮಾಡುವ ತಂತ್ರಾಂಶ, ಒಂದಿಷ್ಟು ಮೌನ ತುಂಬಿಸುತ್ತದೆ, ಅದರ ಮೇಲೆ ಮುಂದಿನ ಫೈಲು ತೆರೆಯಲು ಸೆಟ್ ತೆಗೆದುಕೊಳ್ಳುವ ಹೊತ್ತು. ತಾನ ಪಲ್ಲವಿಗೆ ಇಳಿಯುವ ಜಾಗದಲ್ಲಿ ತಂಬೂರಿ ಕಡಿದುಹೋಗುತ್ತದೆ. ಫ್ಲ್ಯಾಕ್ ಪ್ರತಿಯನ್ನು ಫೂಬಾರ್2000 ಎಂಬ ಹಾಡು ನುಡಿಸುವ ತಂತ್ರಾಂಶಕ್ಕೆ ಕೊಟ್ಟು, ಕನ್ವರ್ಟರ್‌ನಲ್ಲಿ ಎಲ್ಲವನ್ನೂ ಒಂದೇ ಫೈಲಾಗಿ ಸೇರಿಸು ಎಂದು ಹೇಳಿ ಎಂಪಿ3 ಮಾಡಿಸಿ. ಎನ್‌ಕೋಡರ್ ಪ್ಯಾಕ್ ಬೇರೆ ಹಾಕಿಕೊಂಡಿರಬೇಕು. ಆಗ ಮುಕ್ಕಾಲು ಗಂಟೆಯ ಪಲ್ಲವಿ ದಾಬಸ್‌ಪೇಟೆ ದಾಟಿದ ಮೇಲೂ ಒಂದೇ ಉಸಿರಿನಲ್ಲಿ ಸಾಗುತ್ತದೆ. ಹರಿಕಥೆಗೂ ಇದೇ ಉಪಾಯ: ಹನ್ನೆರಡು ಭಾಗ ಒಂದೇ ಫೈಲು, ಕ್ರಮದ ತಂಟೆಯೇ ಇಲ್ಲ. ಒಂದೇ ಅಡಚಣೆ, ಗಾಡಿ ನಿಲ್ಲಿಸಿದ ಜಾಗವನ್ನು ಸೆಟ್ ನೆನಪಿಡದಿದ್ದರೆ ಮುಂದಕ್ಕೆ ಓಡಿಸುತ್ತಾ ಹುಡುಕಬೇಕು.

ಕನ್ನಡದ ಸರಕಿನ ಬಗ್ಗೆ ಬೇಸರ ಉಳಿದೇ ಇದೆ. ಒಂದೇ ವಚನ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಬಗೆಯ ಕಾಗುಣಿತದಲ್ಲಿ ಕೂತಿರುತ್ತದೆ. ಸಾಲು ಹಾಕಿ ಹುಡುಕುವುದಕ್ಕಿಂತ ಗಾಯಕರ ಹೆಸರು ಹಾಕಿದರೆ ಬೇಗ ಸಿಗುತ್ತದೆ. ಹಳೆಯ ಭಾವಗೀತೆಗಳನ್ನು ಬೇರೆಯವರು ಮತ್ತೆ ಹಾಡಿದ ಆವೃತ್ತಿಗಳು ಅದೇ ಹೆಸರಿನಲ್ಲಿ ಮಾರಾಟಕ್ಕಿವೆ. ಕೊಳ್ಳುವ ಮೊದಲು ಮಾದರಿ ಕೇಳಿ, ಹಾಡಿನ ಉದ್ದ, ಧ್ವನಿಮುದ್ರಣ ಸಂಸ್ಥೆಯ ಹೆಸರು ನೋಡಿ. ಜಾನಪದ, ತತ್ವಪದಗಳಲ್ಲಿ ಗೀತರಚನೆಕಾರರ ಜಾಗ ಖಾಲಿ ಇರುವುದೇ ಹೆಚ್ಚು. ಹಾಡಿದವರ, ಬರೆದವರ ಹೆಸರು ಗೊತ್ತಿದ್ದರೆ ಟ್ಯಾಗ್‌ನಲ್ಲಿ ನೀವೇ ತುಂಬಿಡಿ, ಅದು ಫೈಲಿನ ಜೊತೆಗೇ ಇರುತ್ತದೆ.

ವಾರಕ್ಕೊಂದು ಹೊಸ ಸಿನಿಮಾ ಹಾಡು ಬೇಕೆನ್ನುವವರಿಗೆ ಚಂದಾ ಆ್ಯಪ್ಪೇ ಸರಿ, ಒಂದೊಂದೇ ಕೊಂಡು ಪೂರೈಸದು. ಮೆಚ್ಚಿದ ಇನ್ನೂರು ಮುನ್ನೂರು ಹಾಡನ್ನೇ ವರ್ಷವಿಡೀ ಕೇಳುವವರಿಗೆ, ತಿಂಗಳಿಗೆ ಎರಡು ಮೂರು ನೂರು ರೂಪಾಯಿ ಇಡಬಲ್ಲವರಿಗೆ ಕೊಳ್ಳುವುದು ಖಂಡಿತ ಲಾಭ. ಬರೀ ಐಫೋನ್ ಇದ್ದು ಕಂಪ್ಯೂಟರ್ ಇಲ್ಲದಿದ್ದರೆ ಮಾತ್ರ ಯೋಚಿಸಿ. ಅಂಗಡಿಯಲ್ಲಿ ಕೊಂಡ ಹಾಡು ಫೋನಿನ ಮ್ಯೂಸಿಕ್ ಆ್ಯಪ್ ಒಳಗೇ ಉಳಿಯುತ್ತದೆ, ಪೆನ್‌ಡ್ರೈವ್‌ಗೆ ತರಲು ಕಂಪ್ಯೂಟರ್ ಬೇಕು.

ಹಕ್ಕುದಾರರು ಅಂಗಡಿಯಿಂದ ಹಾಡು ಹಿಂತೆಗೆದರೆ, ಕೊಂಡವರಿಗೂ ಮತ್ತೆ ಇಳಿಸಿಕೊಳ್ಳಲು ಸಿಗದೆ ಹೋಗಬಹುದು. ಇಳಿಸಿದ ದಿನವೇ ಮೂಲ ಫೈಲಿನ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇಡಿ. ಕಾರಿನ ಪೆನ್‌ಡ್ರೈವನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಏಪ್ರಿಲ್ ಬಿಸಿಲಿನಲ್ಲಿ ದಿನವಿಡೀ ನಿಂತ ಗಾಡಿಯೊಳಗೆ ಇರುವ ವಸ್ತು ಅದು, ಯಾವತ್ತು ಬೇಕಾದರೂ ಕೈಕೊಡಬಹುದು.